ಪೈಪಿನೊಳಗಿನ ಬಿಸಿಲು

ಪೈಪಿನ ಆ ತುದಿಯಿಂದ ಬೆಳಕು ಬಂತು. ತಟ್ಟೆಯ ಹಾಗೆ ದುಂಡಗೆ, ಎಲ್ಲೂ ಮುಕ್ಕಿಲ್ಲದೆ ಬಂತು. ಹಿತ್ತಿಲಲ್ಲಿ ಪೈಪು ತೆರೆದುಕೊಳ್ಳುವ ಚೇಂಬರಿನ ಬಾಯಿಗೆ ಮೊಣಕಾಲೂರಿ ಬಗ್ಗಿದ್ದ ಓಬಳಯ್ಯ ಕೈಲಿದ್ದ ಕನ್ನಡಿಯನ್ನು ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ಇಳಿಬಿಟ್ಟು ನೋಡಿದ. ಅದೇ ಬೆಳಕು. ಈ ಮನೆಯಲ್ಲಿ ಬೆಳಕು ಬರಬಾರದಿತ್ತು.

"ಏನ್ಲಾ, ಕಂಡ್ತಾ?" ಬೇವಿನ ನೆರಳಲ್ಲಿ ಟವೆಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದ ಬೊಮ್ಮಪ್ಪ ಕೂಗಿದ. ಐ.ಡಿ.ಹಳ್ಳಿಯ ಕಡಲೇಕಾಯಿ ವ್ಯಾಪಾರಿ. ಮಧುಗಿರಿಯಲ್ಲಿ ಮನೆ ಕೊಳ್ಳಲು ಬಂದಿದ್ದ. "ಎಲ್ರೂ ಕನ್ನಡೀಲಿ ಮುಖ ನೋಡ್ಕಂಡ್ರೆ ನೀನು ಹೇಲು ನೋಡ್ತೀಯಲ್ಲೋ ಮಾರಾಯ!"

"ನನ್ ಮುಖ ನೋಡ್ಕಂಡ್ರೆ ಯಾರು ಕೂಲಿ ಕೊಡ್ತಾರೆ ಸ್ವಾಮಿ? ತಡೀರಿ, ಇನ್ನೊಂದ್ಸಲ ನೋಡ್ತೀನಿ."

ಊರಿನಲ್ಲಿ ತಲೆಯ ಮೇಲೆ ಮಲ ಹೊರುವುದು ನಿಂತು, ಗುಂಡಿ ಕಕ್ಕಸುಗಳು ಬಂದು ಹತ್ತು ವರ್ಷವಾಗಿತ್ತು. ಈ ಮನೆಯಲ್ಲಿ ಪಕ್ಕದ ಸಂದಿಯ ಕಕ್ಕಸಿನಿಂದ ಹೊರಟ ಮಣ್ಣಿನ ಪೈಪು ಅಡುಗೆಮನೆಯ ನೆಲದಡಿ ಹಾದು ಹಿತ್ತಿಲ ಗುಂಡಿ ಸೇರುತ್ತಿತ್ತು. ಅದು ಒಡೆದಿದ್ದರೆ ಕೊಂಡವನು ಅಡುಗೆಮನೆಯನ್ನೇ ಅಗೆಸಬೇಕು. ಅದಕ್ಕೇ ಇಂಥ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು ಓಬಳಯ್ಯನನ್ನು ಕರೆಸುತ್ತಿದ್ದರು. ಬಿಸಿಲು ನೆತ್ತಿಗೇರಿದಾಗ ಅವನು ಆ ತುದಿಯ ಚೇಂಬರಿನಲ್ಲಿ ಒಂದು ಕನ್ನಡಿಯನ್ನು ಓರೆಯಾಗಿಟ್ಟು ಬಿಸಿಲನ್ನು ಪೈಪಿನೊಳಕ್ಕೆ ತಿರುಗಿಸುವನು. ಈ ತುದಿಯಲ್ಲಿ ಇನ್ನೊಂದನ್ನು ಇಳಿಬಿಟ್ಟು ನೋಡುವನು. ಬೆಳಕು ದುಂಡಗೆ ಬಂದರೆ ಪೈಪು ಸರಿ. ಅವನು ಹೇಳಿದ ಮೇಲೆ ಊರಲ್ಲಿ ಎರಡನೇ ಮಾತಿರಲಿಲ್ಲ.

ಈ ಮನೆಗೆ ಇದು ಮೂರನೇ ಸಲ. ಮಾರಲು ಹಟ ಹಿಡಿದವನು ಶಿವರುದ್ರಮ್ಮನ ಮೈದುನ, ಶಿರಾದಲ್ಲಿದ್ದವನು. ಮನೆಯಲ್ಲಿ ಇದ್ದವಳು ಗಂಡ ಸತ್ತ ಅವಳೊಬ್ಬಳೇ. ಹೋದ ಎರಡು ವರ್ಷವೂ ಗಿರಾಕಿ ಬಂದ ದಿನ ಪೈಪು ಕತ್ತಲೆಯಾಗಿತ್ತು. ಮೊದಲ ಸಲ ಕನ್ನಡಿ ಹೊರಳಿಸಿ ಈ ಕಡೆಯಿಂದ ಬಿಸಿಲು ಬಿಟ್ಟಾಗ ಹಳೇ ಸೀರೆಯ ಕೆಂಪಂಚು ಕಂಡಿತ್ತು. ಕೋಲಿನಿಂದ ತುರುಕಿದ್ದು. ಯಾರೆಂದು ಕೇಳಬೇಕಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ಅವನನ್ನೇ ನೋಡುತ್ತಿದ್ದಳು. "ಒಡೆದೈತೆ" ಎಂದುಬಿಟ್ಟಿದ್ದ. ಗಿರಾಕಿ ಹೋದ ಮೇಲೆ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಒಂದು ಲೋಟ ಕಾಫಿ ತಂದಿಟ್ಟಳು. ಹುಣಸೇಹಣ್ಣಿನಲ್ಲಿ ಉಜ್ಜಿ ಹೊಳೆಯುತ್ತಿದ್ದ ಹಿತ್ತಾಳೆ ಲೋಟ. ಇಪ್ಪತ್ತು ವರ್ಷದಿಂದ ಊರವರು ಅವನ ಬೊಗಸೆಗೆ ಮೇಲಿಂದ ನೀರು ಹೊಯ್ದಿದ್ದರು. ಮನೆಯ ಲೋಟ ಯಾರೂ ಕೊಟ್ಟಿರಲಿಲ್ಲ. ಮರುವರ್ಷವೂ ಅದೇ ಸೀರೆ, ಅದೇ ಸುಳ್ಳು, ಅದೇ ಲೋಟ. ಬಸ್ ಸ್ಟ್ಯಾಂಡಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಮುದ್ದೆ ಮುರಿಯುವಾಗ ಅವನಿಗೆ ಎಷ್ಟೋ ಸಲ ಆ ಲೋಟ ನೆನಪಾಗಿತ್ತು.

ಈ ಸಲವೂ ಒಡೆದೈತೆ ಅಂದರೆ ಮುಂದಿನ ವರ್ಷವೂ ಈ ಹಿತ್ತಿಲಿಗೆ ಬರಬಹುದು.

"ಸ್ವಾಮಿ, ಆ ಕಡೆ ಕನ್ನಡಿ ಅಲ್ಲಾಡೈತೇನೋ, ಒಸಿ ನೋಡ್ಕಂಬನ್ನಿ."

"ನಿನಗೆ ನಾನು ಜವಾನ ಆದ್ನಲ್ಲೋ" ಎಂದು ಗೊಣಗುತ್ತ ಬೊಮ್ಮಪ್ಪ ಸಂದಿಯ ಕಡೆ ಹೋದ. ಶಿವರುದ್ರಮ್ಮ ಮೆಟ್ಟಿಲಿಳಿದು ಬಂದಳು.

"ಸೀರೆ ಎಲ್ಲಿ ಹೋಯ್ತಮ್ಮ?"

"ಒಲೆಗೆ ಹಾಕ್ದೆ."

"ಯಾಕೆ? ನಾನೇನಾದ್ರೂ ಬಾಯಿಬುಟ್ಟಿದ್ನಾ?"

"ನೀನು ಬುಡೋನಲ್ಲ, ಗೊತ್ತು. ಹೋಗಾಕೆ ಹೆದರ್ಕೊಂಡು ತುರುಕಿದ್ದೆ ಕಣಯ್ಯ. ಈಗ ಇರಾಕೆ ಹೆದರಿಕೆ ಆಯ್ತದೆ. ಮೊನ್ನೆ ಜ್ವರ ಬಂದು ಮೂರು ದಿನ ಬಾಗಿಲು ತೆಗೀಲಿಲ್ಲ. ಯಾಕೆ ಅಂತ ಒಬ್ರೂ ಬಂದು ಕೇಳಲಿಲ್ಲ. ಪಾವಗಡದ ಹಾಸ್ಟೆಲಲ್ಲಿ ಅಡುಗೆಗೆ ಕರೀತಾವ್ರೆ, ನಲವತ್ತು ಹುಡುಗೀರವ್ರಂತೆ. ಮನೆ ಮಾರೋಗಂಟ ಮೈದುನ ಕಳಿಸಲ್ಲ. ಕಾಯೋರು ಬೇಕಲ್ಲ."

"ನನಗೆ ಹೇಳಿಕಳಿಸಬೌದಿತ್ತು."

"ಏನಂತ ಹೇಳಿಕಳಿಸ್ಲಿ? ಪೈಪು ನೋಡು ಬಾ ಅಂತಾನಾ?"

ಬೊಮ್ಮಪ್ಪ ಬಂದ. "ಕನ್ನಡಿ ನೆಟ್ಟಗೇ ಐತೆ ಕಣ್ಲಾ. ಹೇಳ್ಬುಡು, ಒಡೆದೈತೋ ಇಲ್ವೋ?"

ಓಬಳಯ್ಯ ಮತ್ತೊಮ್ಮೆ ಕನ್ನಡಿ ಇಳಿಬಿಟ್ಟ. ಈ ಸಲ ಬೇಕೆಂದೇ ತಡಮಾಡಿದ.

"ಇಲ್ಲ ಸ್ವಾಮಿ. ಸರಿಯಾಗೈತೆ."

"ಮತ್ತೆ ಎರಡು ವರ್ಷದಿಂದ ಒಡೆದೈತೆ ಅಂದಿದ್ಯಂತೆ? ಮಾರೋನೇ ಹೇಳ್ದ."

"ಆಗ ತಪ್ಪಾಗಿ ನೋಡಿದ್ದೆ."

"ಎರಡು ಸಲಾನೂ?" ಬೊಮ್ಮಪ್ಪ ಟವೆಲು ಕೊಡವಿ ನಕ್ಕ. "ಕಣ್ಣು ಕಾಣದೋನ ಮಾತು ಕೇಳ್ಕಂಡು ಈ ಊರೋರು ಮನೆ ತಗಂತಾರಲ್ಲಪ್ಪ! ಇನ್ಮೇಲೆ ತಗಳೋರ್ಗೆ ನಾನೇ ಹೇಳ್ತೀನಿ ತಾಳು." ಅಂದವನು ಮೈದುನನಿಗೆ ಸುದ್ದಿ ಮುಟ್ಟಿಸಲು ಪೋಸ್ಟಾಫೀಸಿನ ಕಡೆ ನಡೆದ.

ಓಬಳಯ್ಯ ಕನ್ನಡಿಗಳನ್ನು ತೊಳೆದು ಗೋಣಿಚೀಲಕ್ಕೆ ಸುತ್ತುವಷ್ಟರಲ್ಲಿ ಶಿವರುದ್ರಮ್ಮ ಕಾಫಿ ತಂದಿಟ್ಟಳು. ಅದೇ ಲೋಟ. ಅವನು ನಿಧಾನವಾಗಿ ಕುಡಿದ. ಕುಡಿದು, ಮೊದಲ ಸಲ ಅವಳ ಕೈಗೇ ಕೊಡಲು ಲೋಟ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

"ತಗಂಡೋಗು. ಅದು ನಿಂದೇ."

"ನಂದಾ?"

"ಹೂಂ. ಮೊದಲ್ನೇ ಸಲ ನೀನು ಕುಡಿದ್ಮೇಲೆ ಒಳಗೆ ತಗಂಡೋಗಿಲ್ಲ. ಕಕ್ಕಸಿನ ಗೋಡೆ ಗೂಡಲ್ಲಿ ಬೇರೆ ಇಟ್ಟಿದ್ದೆ. ನೀನು ಬರೋ ದಿನ ತೊಳೆದಿಡ್ತಿದ್ದೆ." ಅವಳ ದನಿಯಲ್ಲಿ ಕೊಂಕಿರಲಿಲ್ಲ. "ನಾನು ಹೋದ್ಮೇಲೆ ಅದನ್ನ ಇನ್ಯಾರು ಮುಟ್ತಾರೆ?"

ಓಬಳಯ್ಯ ಲೋಟವನ್ನು ಚೀಲಕ್ಕೆ ಹಾಕಿಕೊಂಡ. ಸಂದಿ ದಾಟಿ ಬೀದಿಗೆ ಬರುವವರೆಗೂ ಅದು ಕನ್ನಡಿಗೆ ತಾಗುತ್ತಲೇ ಇತ್ತು.