ಮಗನಿಗಿಟ್ಟ ನೀರು

ಡೆಂಗಿ ಜ್ವರದಿಂದ ಮಗ ತೀರಿಕೊಂಡನೆಂದು ಆಸ್ಪತ್ರೆಯಿಂದ ತಿಳಿದ ದಿನವೇ, ಅವನು ಮಲಗುತ್ತಿದ್ದಲ್ಲಿ ದೀಪ ಹಚ್ಚಿ, ಅವನಿಗೆಂದು ಒಂದು ಚೊಂಬು ನೀರಿಟ್ಟೆ. ಉತ್ತರಕ್ರಿಯೆ ಮುಗಿಯುವವರೆಗೆ ಅದನ್ನು ಯಾರೂ ಕದಲಿಸಬಾರದು.

ವಾರ ಕಳೆಯಿತು. ಮೊಮ್ಮಗಳ ಕೈಮೇಲೆ ಸೊಳ್ಳೆ ಕಚ್ಚಿದ ಗುರುತು ಕಂಡ ಸೊಸೆ, ಹುಚ್ಚು ಹಿಡಿದವಳಂತೆ ಮನೆಯ ಬಕೆಟ್ಟು, ಕೊಡಗಳನ್ನೆಲ್ಲ ಬೋರಲು ಹಾಕಿದಳು.

“ನಿಂತ ನೀರಲ್ಲೇ ಆ ಸೊಳ್ಳೆ ಹುಟ್ಟೋದು, ಮಾವ. ಆ ಚೊಂಬನ್ನೂ ಚೆಲ್ಲಿಬಿಡಿ.”

“ಅದು ಅವನದಮ್ಮಾ. ಬಾಯಾರಿ ಬಂದ್ರೆ ಏನು ಕುಡೀತಾನೆ?”

“ನಾಳೆ ಅವರ ಮಗಳಿಗೂ ಒಂದು ಚೊಂಬು ಇಡ್ತೀರಾ?”

ನಾನು ಬಗ್ಗಿ ನೋಡಿದೆ. ನೀರಿನಲ್ಲಿ ಸಣ್ಣ ಹುಳುಗಳು ಮಿಸುಕಾಡುತ್ತಿದ್ದವು.

ಅಂಗಳದ ಬಿಸಿಲಿಗೆ ಅದನ್ನು ಸುರಿಯುತ್ತ ಬೇಡಿಕೊಂಡೆ: “ನಾರಾಯಣಾ, ಇನ್ನು ನನ್ನ ಮಗನಿಗೆ ನೀನೇ ನೀರು ಕೊಡು. ಅವನ ಜೀವ ತಣ್ಣಗಿರಲಿ.”