ವಿಮಾನ ಇಳಿಯುವ ಮುಂಚೆ

ಡ್ರೋನ್ ಏಳಲೇ ಇಲ್ಲ. 'ನಿಷೇಧಿತ ವಲಯ, ಅನುಮತಿ ಬೇಕು' ಎಂದು ಪರದೆಯ ಮೇಲೆ ಕೆಂಪಕ್ಷರ ಮಿನುಗಿತು. ಎದುರಿಗೆ ಆಳೆತ್ತರದ ಜೊಂಡು ಬೆಳೆದ ಕೆಸರುನೆಲ, ಅದರಾಚೆ ವಿಮಾನ ನಿಲ್ದಾಣದ ಬೇಲಿ. ಮರೆವಿನ ಕಾಯಿಲೆಯ ಮಾವ ಆ ಜೊಂಡಿನೊಳಗೆ ಹೊಕ್ಕಿದ್ದನ್ನು ಬೇಲಿಯ ಕಾವಲುಗಾರ ಕಂಡಿದ್ದ. ಈಗ ಹೊತ್ತು ಮುಳುಗುತ್ತಿತ್ತು.

ಜಮೀನು ಅಳೆಯಲು ದಿನಾ ಡ್ರೋನ್ ಹಾರಿಸುವ ಸೊಸೆಗೆ ನಿಯಮ ಗೊತ್ತಿಲ್ಲದ್ದೇನಲ್ಲ. ಆದರೂ ಕಂಟ್ರೋಲ್ ಟವರಿಗೆ ಫೋನ್ ಹಚ್ಚಿದಳು.

"ಅರ್ಜಿ ಹಾಕಿ ಮೇಡಂ. ಉತ್ತರ ಬರೋಕೆ ದಿನಗಳೇ ಹಿಡಿಯುತ್ತೆ," ಎಂದ ಅಧಿಕಾರಿ.

"ಮನೆಗೆ ಬೆಂಕಿ ಬಿದ್ದಾಗ ಅರ್ಜಿ ಬರೀರಿ ಅಂದ ಹಾಗಾಯ್ತು!" ಪಕ್ಕದಲ್ಲಿದ್ದ ಮೈದುನ ಸಿಡುಕಿದ.

ಅವಳು ಅವನ ಕೈ ಅದುಮಿದಳು. "ಸಾರ್, ಒಳಗೆ ಮಂಡಿಮಟ್ಟ ನೀರಿದೆ. ಈ ರಾತ್ರಿ ಕಳೆದ್ರೆ ಆಮೇಲೆ ಅರ್ಜಿಯೇ ಬೇಕಾಗಲ್ಲ."

ಆ ಕಡೆ ಅಧಿಕಾರಿ ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಆಮೇಲೆ, "ಬರ್ತಿರೋ ವಿಮಾನಾನ ಒಂದು ಸುತ್ತು ಹೊಡೆಸ್ತೀನಿ. ಮರದೆತ್ತರ ದಾಟಬೇಡಿ. ಇಳಿಸಿ ಅಂದ ತಕ್ಷಣ ಇಳಿಸ್ಬೇಕು. ಫೋನ್ ಇಡಬೇಡಿ."

ಟವರಿನಿಂದ ಅನುಮತಿ ಸಿಕ್ಕಿ ಪರದೆಯಲ್ಲಿ ಕೆಂಪು ಹೋಗಿ ಹಸಿರು ಬಂತು. ಮೈದುನ ಟಾರ್ಚ್ ಹಿಡಿದು ಜೊಂಡಿಗೆ ಇಳಿದ, ಡ್ರೋನ್ ಮೇಲೇರಿತು. ಅದರ ಕ್ಯಾಮೆರಾ ಕಾಣುವುದು ಶಾಖವನ್ನು. ಬೆಚ್ಚಗಿರುವುದು ಬೆಳ್ಳಗೆ, ತಣ್ಣಗಿರುವುದು ಕಪ್ಪಗೆ. ಬೂದುಬಣ್ಣದ ಜೊಂಡಿನ ನಡುವೆ ಒಂದು ಮಬ್ಬು ಬಿಳುಪು ಕಂಡಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಮಾವ! ಕುಕ್ಕರುಗಾಲಲ್ಲಿ ಕೂತಿದ್ದರು.

ಅವರ ಮಗ್ಗುಲಲ್ಲಿ ಇನ್ನೊಂದು ಕೂತಿತ್ತು. ತಲೆ, ಹೆಗಲು, ಮಡಚಿದ ಮಂಡಿ. ಕಪ್ಪಗೆ. ಸುತ್ತಲಿನ ನೀರಿಗಿಂತಲೂ ಕಪ್ಪಗೆ.

"ಕಂಡ್ರಾ?" ಅಧಿಕಾರಿ ಕೇಳಿದ. "ಒಬ್ರೇನಾ?"

ಹೌದೆಂದರೆ ಸುಳ್ಳು, ಇಲ್ಲವೆಂದರೆ ಹುಚ್ಚು. "ಒಬ್ರೇ ಸಾರ್," ಎಂದಳು. ಗಂಟಲು ಹರಿಯುವಂತೆ ಮೈದುನನಿಗೆ ಕೂಗಿದಳು: "ಎಡಕ್ಕೆ! ಇನ್ನೂ ಎಡಕ್ಕೆ!"

"ಸಿಕ್ಕಿದ್ರು ಅತ್ತಿಗೆ!" ಜೊಂಡಿನೊಳಗಿಂದ ದನಿ ಬಂತು. "ಉಸಿರಿದೆ! ಪಾಪ, ಒಬ್ಬರೇ ಕೂತು ನಡುಗ್ತಿದ್ದಾರೆ!"

ಪರದೆಯ ಮೇಲೆ ಮೂವರೂ ಎದ್ದರು.

"ಇಳಿಸಿ," ಎಂದ ಅಧಿಕಾರಿ. ಇಳಿಸಿದಳು. ವಿಮಾನ ನೆತ್ತಿಯ ಮೇಲೆ ಗುಡುಗಿ ಹೋಯಿತು. ಸದ್ದು ಅಡಗುವ ಹೊತ್ತಿಗೆ ಮೈದುನ ಅಪ್ಪನನ್ನು ಬೆನ್ನ ಮೇಲೆ ಹೊತ್ತು ದಡ ಹತ್ತುತ್ತಿದ್ದ. ಮಾವನ ಒಂದು ಕೈ ಮಗನ ಕೊರಳು ಬಳಸಿತ್ತು. ಇನ್ನೊಂದು ಪಕ್ಕಕ್ಕೆ ಚಾಚಿತ್ತು, ಬೆರಳುಗಳು ಯಾರನ್ನೋ ಹಿಡಿದು ನಡೆಸುವಂತೆ ಮಡಚಿದ್ದವು.

ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕಂಬಳಿ ಹೊದಿಸಿದರು. ಮೈದುನ ಮುಂದೆ ಕೂತು ಕಾರು ಚಾಲೂ ಮಾಡಿದ. ಅವಳು ಹಿಂದಿನ ಬಾಗಿಲು ಹಾಕಲು ಹೋದಳು. ಮಾವ ಕಾಲು ಅಡ್ಡ ಕೊಟ್ಟರು.

"ತಾಳಮ್ಮ," ಎಂದರು. "ಅವನಿನ್ನೂ ಹತ್ತಿಲ್ಲ."