ಗೋಡೆಯಾಚೆಯ ರಿಮೋಟು

ಇನ್ನೊಬ್ಬರ ಮನೆಯ ಜಗಳವನ್ನು ಹೇಳುವುದು ಸರಿಯೋ ತಪ್ಪೋ, ತಿಳಿದವರು ಮನ್ನಿಸಬೇಕು.

ಅಣ್ಣತಮ್ಮಂದಿರು ಪಾಲಾಗಿದ್ದರು, ಎರಡು ಮನೆಗಳ ನಡುವೆ ಒಂದೇ ಗೋಡೆ. ಟಿವಿ, ಸ್ಪೀಕರು, ಹಾಲ್‌ನ ದೀಪಗಳು ಎಲ್ಲವೂ ಒಂದೇ ರಿಮೋಟಿಗೆ ಬರುವಂತೆ ಅಣ್ಣ ಮಾಡಿಸಿದ. ಹಟಕ್ಕೆ ಬಿದ್ದು ತಮ್ಮನೂ ಅದೇ ಕೆಲಸಗಾರನಿಂದ ಮಾಡಿಸಿಕೊಂಡ. ಅಂದಿನಿಂದ ಅಣ್ಣ ಸಿನಿಮಾ ನೋಡಲು ಕುಳಿತರೆ ಸಾಕು, ನಡುವೆ ಟಿವಿಯೂ ದೀಪವೂ ಒಟ್ಟಿಗೆ ಆರಿಹೋಗುತ್ತಿದ್ದವು.

"ಅವರ ರಿಮೋಟು ನಮ್ಮನೆಗೂ ಕೆಲಸ ಮಾಡುತ್ತೆ ಕಣ್ರೀ. ಬೇಕಂತಲೇ ಒತ್ತುತ್ತಾರೆ," ಎಂದಳು ಅಣ್ಣನ ಹೆಂಡತಿ. "ಇಂಥವರ ಮಗಳನ್ನ ನಾವು ಧಾರೆ ಎರೆದು ಕೊಡಬೇಕಾ?"

ತಮ್ಮನ ಹೆಂಡತಿ ತೀರಿಕೊಂಡಿದ್ದರಿಂದ ಮರುದಿನದ ಮದುವೆಯಲ್ಲಿ ಹುಡುಗಿಯನ್ನು ಧಾರೆ ಎರೆದು ಕೊಡಬೇಕಾದವರು ಈ ಗಂಡಹೆಂಡಿರೇ. ಆ ಮಗುವನ್ನು ಹೆಗಲ ಮೇಲೆ ಹೊತ್ತು ಆಡಿಸಿದ್ದ ಅಣ್ಣ ಅದಕ್ಕೆ ಆಗಲೇ ಒಪ್ಪಿಕೊಂಡಿದ್ದ.

ಅಂದು ಸಂಜೆಯೂ ಎಲ್ಲ ಆರಿತು. ಅಣ್ಣ ಮತ್ತೆ ಟಿವಿ, ದೀಪ ಹಾಕಿ, ರಿಮೋಟು ಹಿಡಿದೇ ತಮ್ಮನ ಬಾಗಿಲಿಗೆ ನುಗ್ಗಿದ.

"ನಾಳೆ ಯಾರ ಕೈಲಿ ಧಾರೆ ಎರೆಸ್ತೀಯೋ ಎರೆಸ್ಕೊ. ನಾನು ಬರಲ್ಲ."

"ನಾನು ಒತ್ತಿಲ್ಲಣ್ಣ."

"ನೀನಲ್ದೆ ನಿಮ್ಮಪ್ಪ ಒತ್ತಿದ್ನಾ?"

"ನಮ್ಮಪ್ಪ ನಿನಗೂ ಅಪ್ಪನೇ ಅಲ್ವಾ?" ಎಂದ ತಮ್ಮ, ಒಳಗಿಂದ ತನ್ನ ರಿಮೋಟು ತಂದು ಅಣ್ಣನ ಕೈಗೆ ತುರುಕಿದ. "ತಗೊ. ಇದೂ ನಿನ್ನ ಹತ್ರಾನೇ ಇರ್ಲಿ. ನಾಳೆ ಮಾತ್ರ ಬಾ."

ಅಣ್ಣ ಬಿಸಾಡಲೆಂದು ಕೈ ಎತ್ತಿದ. ಎರಡೂ ರಿಮೋಟು ಅವನ ಕೈಯಲ್ಲಿರುವಾಗಲೇ ಪಕ್ಕದಲ್ಲಿ ಅವನ ಮನೆಯ ಟಿವಿಯ ಸದ್ದು ನಿಂತು, ಹಾಲ್ ಕತ್ತಲಾಯಿತು.

ಒಳಗಿದ್ದವಳು ಹೆಂಡತಿ ಒಬ್ಬಳೇ. ಅವಳಿಗೆ ಮೂರನೆಯ ರಿಮೋಟು ಎಲ್ಲಿಂದ ಬಂತೋ, ನನಗೆ ಗೊತ್ತಿಲ್ಲ.